ಐದು ವಸಾಹತು, ಒಬ್ಬರು ಅತ್ತಿಗೆ

ನಮ್ಮ ಅತ್ತಿಗೆ ಯಾರ ಮನೆಗೇ ಕಾಲಿಡಲಿ, ಹತ್ತು ನಿಮಿಷದೊಳಗೆ ಆ ಮನೆಯವರು ಸ್ಪೇನಿನವರೋ, ಫ್ರೆಂಚರೋ, ಇಂಗ್ಲಿಷರೋ, ಡಚ್ಚರೋ, ಪೋರ್ಚುಗೀಸರೋ ಎಂದು ಖಚಿತವಾಗಿ ಹೇಳಿಬಿಡುತ್ತಾರೆ. ಮನೆಯವರು ಹಾಸನದವರೋ ಚನ್ನಪಟ್ಟಣದವರೋ ಆಗಿರುತ್ತಾರೆ ಎನ್ನುವುದು ಬೇರೆ ಮಾತು. ಅಂಥ ಸಣ್ಣಪುಟ್ಟ ವಿವರಗಳಿಗೆಲ್ಲ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮೈಸೂರಿನಲ್ಲಿ ಓದಿ, ಸಿಂಗಪುರಕ್ಕೆ ಬಂದು, ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿ, ಈಗ ನಿವೃತ್ತರಾಗಿ ಬ್ಯೂನಾ ವಿಸ್ಟಾದ ಒಂದು ಕಾಂಡೋದಲ್ಲಿ, ಅಂದರೆ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ, ಒಬ್ಬರೇ ಇದ್ದಾರೆ. ಒಬ್ಬರೇ ಎಂದರೆ ತಪ್ಪಾದೀತು. ಐದು ಸಾಮ್ರಾಜ್ಯಗಳ ಜೊತೆ ಇದ್ದಾರೆ. ಯುರೋಪಿನ ಐದು ದೇಶದವರು ಹಡಗು ಹತ್ತಿ ಅಮೆರಿಕ ಖಂಡಗಳಿಗೆ ಹೋಗಿ ಅಲ್ಲಿ ಹೇಗೆ ಬೀಡುಬಿಟ್ಟರು, ಒಬ್ಬರ ವಸಾಹತಿಗೂ ಇನ್ನೊಬ್ಬರ ವಸಾಹತಿಗೂ ಏನು ವ್ಯತ್ಯಾಸ ಎನ್ನುವುದು ಅವರು ಇಡೀ ಜೀವನ ಹಿಡಿದುಕೊಂಡು ಕೂತ ವಿಷಯ. ಅದರ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದಾರೆ. ನನ್ನ ಮದುವೆಯ ಹೊತ್ತಿಗೆ ಅದು ಏಳನೇ ಅಧ್ಯಾಯದಲ್ಲಿತ್ತು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಈಗ ಐದನೇ ಅಧ್ಯಾಯದಲ್ಲಿದೆ.

ಇಷ್ಟು ಬರೆಯುವವರು ಅಮೆರಿಕಕ್ಕೆ ಎಷ್ಟು ಸಲ ಹೋಗಿರಬಹುದು? ಒಮ್ಮೆಯೂ ಇಲ್ಲ. ಕೇಳಿದರೆ, "ಹೋದ್ರೆ ಈಗಿನ ಅಮೆರಿಕ ಕಾಣ್ಸುತ್ತೆ ಕಣೇ. ಸುಮ್ನೆ ಕನ್‌ಫ್ಯೂಸ್ ಆಗತ್ತೆ," ಎನ್ನುತ್ತಾರೆ.

ನಾನು ಮದುವೆಯಾಗಿ ಸಿಂಗಪುರದ ಚೋವಾ ಚು ಕಾಂಗ್‌ನ ಫ್ಲ್ಯಾಟಿಗೆ ಬಂದ ಮಾರನೆಯ ದಿನವೇ ಅತ್ತಿಗೆ ನೋಡಲು ಬಂದರು. ನಾನು ಸ್ಟೂಲಿನ ಮೇಲೆ ನಿಂತು, ದೇವರ ಪಟಕ್ಕೆ ಎಲ್ಲಿ ಮೊಳೆ ಹೊಡೆಯಲಿ ಎಂದು ಗೋಡೆ ತಡವುತ್ತಿದ್ದೆ. ಇಳಿದು ನಮಸ್ಕಾರ ಮಾಡುವ ಮೊದಲೇ ಪ್ರಶ್ನೆ ಬಂತು.

"ಬಂದು ಎಷ್ಟು ಹೊತ್ತಾಯ್ತಮ್ಮ?"

"ನಿನ್ನೆ ಸಾಯಂಕಾಲ ಬಂದ್ವಿ ಅತ್ತಿಗೆ."

ಅವರು ಹಾಲ್‌ನಲ್ಲಿ ಇನ್ನೂ ಬೀಗ ಹಾಕಿಕೊಂಡೇ ನಿಂತಿದ್ದ ಮೂರು ಸೂಟ್‌ಕೇಸ್ ನೋಡಿದರು, ನನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿದರು, ತಮ್ಮನ ಕಡೆ ತಿರುಗಿ, "ಸ್ಪೇನ್ ಕಣೋ. ಪ್ಯೂರ್ ಸ್ಪೇನ್," ಎಂದರು.

ಹೊಸ ಸೊಸೆಯಾದ ನನಗೆ ಬಯ್ದರೋ ಹೊಗಳಿದರೋ ತಿಳಿಯಲಿಲ್ಲ. ಆಮೇಲೆ ಕಾಫಿ ಕುಡಿಯುತ್ತ ಅವರೇ ಬಿಡಿಸಿ ಹೇಳಿದರು. ಸ್ಪೇನಿನವರು ಹೊಸ ಊರು ಕಟ್ಟುವಾಗ ಮೊದಲು ನಟ್ಟನಡುವೆ ಒಂದು ಚೌಕ ಗುರುತು ಮಾಡುತ್ತಿದ್ದರಂತೆ. ಚೌಕದ ಒಂದು ಬದಿಗೆ ಚರ್ಚು, ಇನ್ನೊಂದು ಬದಿಗೆ ಸರ್ಕಾರಿ ಕಟ್ಟಡ, ಅಲ್ಲಿಂದ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬೀದಿಗಳು. ಮನುಷ್ಯರು ಎಲ್ಲಿ ಮಲಗಬೇಕು ಎನ್ನುವುದು ಆಮೇಲಿನ ಮಾತು.

"ಇವನು ನೋಡು, ಫ್ರೆಂಚ್," ಎಂದು ನನ್ನ ಗಂಡನನ್ನು ತೋರಿಸಿದರು. "ಆರು ವರ್ಷ ಇಲ್ಲಿ ಒಬ್ನೇ ಇದ್ದ. ಮನೇಲಿ ಏನಿತ್ತು? ಒಂದು ಚಾಪೆ, ಒಂದು ಲ್ಯಾಪ್‌ಟಾಪ್. ಆದ್ರೆ ಕೆಳಗಡೆ ಹಾಕರ್ ಸೆಂಟರ್‌ನಲ್ಲಿ ಪ್ರತಿಯೊಂದು ತಿಂಡಿ ಸ್ಟಾಲ್‌ನವರ ಹತ್ರಾನೂ ಅವರವರ ಭಾಷೇಲೇ ಹರಟೆ. ಕೆನಡಾ ಕಾಡಲ್ಲಿ ಫ್ರೆಂಚರೂ ಹಂಗೇನೇ. ಅಲ್ಲಿನವರ ಭಾಷೆ ಕಲ್ತ್ರು, ಅವರ ದೋಣೀಲೇ ಓಡಾಡ್ಕೊಂಡು ತುಪ್ಪಳದ ವ್ಯಾಪಾರ ಮಾಡಿದ್ರು. ಊರು ಕಟ್ಟಿ ಅಂದ್ರೆ ಮಾತ್ರ ನಾಳೆ ನೋಡೋಣ ಅನ್ನೋರು."

ಮೊದಲಿಗೆ ನಾನು ನಂಬಲಿಲ್ಲ. ಆದರೆ ಅವತ್ತು ಆ ಮೊಳೆಯನ್ನು ನಾನೇ ಹೊಡೆಯಬೇಕಾಯಿತು. ಮುಂದಿನ ಹದಿಮೂರು ವರ್ಷ ನಮ್ಮ ಮನೆಯ ಎಲ್ಲ ಮೊಳೆಗಳನ್ನೂ ನಾನೇ ಹೊಡೆದೆ. ಅತ್ತಿಗೆಯ ಶಾಸ್ತ್ರದಲ್ಲಿ ಏನೋ ಇದೆ ಅನ್ನಿಸತೊಡಗಿತು.

ಇದೆಲ್ಲ ಮನೆಯೊಳಗೆ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಒಮ್ಮೆ ನಮ್ಮ ಪರಿಚಯದವರೊಬ್ಬರು ಹೊಸ ಕಾಂಡೋದ ಗೃಹಪ್ರವೇಶಕ್ಕೆ ಕರೆದರು. ಅತ್ತಿಗೆಯನ್ನೂ ಕರೆದುಕೊಂಡು ಹೋದೆವು. ಆ ಮನೆಯಲ್ಲಿ ಒಂದೊಂದು ವಸ್ತುವಿಗೂ ಚೀಟಿ. ಇದು ಅತಿಥಿಗಳ ಟವೆಲ್, ಇದು ಮನೆಯವರ ಟವೆಲ್. ಇದು ದೊಡ್ಡವಳ ಶೆಲ್ಫು, ಇದು ಚಿಕ್ಕವಳದು. ಬಾಲ್ಕನಿಯಲ್ಲಿ ನಾಲ್ಕು ಗಿಡವಿತ್ತು, ನಾಲ್ಕಕ್ಕೂ ಸೇರಿ ಮೊಣಕಾಲೆತ್ತರದ ಬಿಳಿ ಬೇಲಿ. ಹತ್ತೊಂಬತ್ತನೇ ಮಹಡಿಯ ಬಾಲ್ಕನಿಗೆ ಯಾವ ದನ ನುಗ್ಗುತ್ತದೆ?

ಅತ್ತಿಗೆ ಕೋಸಂಬರಿ ತಟ್ಟೆ ಹಿಡಿದು ಎಲ್ಲವನ್ನೂ ನೋಡಿಬಂದು ಮನೆಯೊಡತಿಗೆ, "ನೀವು ಪಕ್ಕಾ ಇಂಗ್ಲಿಷ್ ಕಣ್ರೀ," ಎಂದರು.

ಆಕೆಯ ಮುಖ ಅರಳಿತು. "ಥ್ಯಾಂಕ್ಸ್ ಆಂಟಿ. ಮಕ್ಕಳ ಜೊತೆ ನಾವು ಮನೇಲಿ ಕಂಪ್ಲೀಟ್ ಇಂಗ್ಲಿಷೇ."

ಇಂಗ್ಲಿಷರು ಹೆಂಡತಿ ಮಕ್ಕಳ ಸಮೇತ ಬಂದು, ಇಳಿದ ಕೂಡಲೇ ಬೇಲಿ ಹಾಕಿ, ಇದು ನಂದು ಎಂದು ಕಾಗದ ಬರೆದುಕೊಂಡು ಕೂರುತ್ತಿದ್ದರು ಎನ್ನುವ ವಿವರಣೆಯನ್ನು ನಾವು ಲಿಫ್ಟಿನಲ್ಲಿ ಕೇಳಿದೆವು. ಪುಣ್ಯಕ್ಕೆ ಲಿಫ್ಟಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮುಂದಿನ ಅನಾಹುತ ಬಹಿರಂಗವಾಗಿಯೇ ನಡೆಯಿತು. ನಾವೊಂದಿಷ್ಟು ಕನ್ನಡದ ಮನೆಗಳವರು ವರ್ಷಕ್ಕೊಮ್ಮೆ ಯಾರದಾದರೂ ಕಾಂಡೋದ ಹಾಲ್‌ನಲ್ಲಿ ಸೇರುತ್ತೇವೆ. ಮಕ್ಕಳ ಡ್ಯಾನ್ಸು, ಬಿಸಿಬೇಳೆಬಾತು, ಒಂದು ಭಾಷಣ. ಆ ವರ್ಷ ಭಾಷಣಕ್ಕೆ ಅತ್ತಿಗೆಯನ್ನು ಕರೆದರು. ವಿಷಯ ಸಿಂಗಪುರದಲ್ಲಿ ಕನ್ನಡಿಗರ ಬದುಕು, ಸಮಯ ಹತ್ತು ನಿಮಿಷ. ಅತ್ತಿಗೆ ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಸಿಂಗಪುರದ ಹೆಸರು ಬಂದದ್ದು ಒಂದೇ ಸಲ: "ಏನ್ರೀ, ಸಿಂಗಪುರದಲ್ಲೂ ಮೈಕ್ ಕೈಕೊಡತ್ತಾ?"

ಉಳಿದದ್ದೆಲ್ಲ ಐದು ವಸಾಹತು. ಅದೂ ಉದಾಹರಣೆ ಸಮೇತ. ನಮ್ಮ ಕೂಟದ ಕಾರ್ಯದರ್ಶಿ ಬ್ಯಾಂಕಿನವರು, ಗಡಿಯಾರದ ಮನುಷ್ಯ. ಹತ್ತು ನಿಮಿಷಕ್ಕೆ ಒಂದು ಗಂಟೆ ಬಾರಿಸಿದರು, ಹದಿನೈದಕ್ಕೆ ಎರಡು. ಅತ್ತಿಗೆ ಅವರ ಕಡೆ ಕೈ ತೋರಿಸಿ, "ಇವರನ್ನೇ ನೋಡಿ. ಡಚ್ಚರು ಹೀಗೇನೇ. ಅವರ ಊರು ನಡೆಸ್ತಿದ್ದಿದ್ದು ಒಂದು ಕಂಪನಿ. ನೀವು ಯಾವ ಭಾಷೆ ಬೇಕಾದ್ರೂ ಮಾತಾಡಿ, ಸಾಮಾನು ಮಾತ್ರ ಟೈಮಿಗೆ ಸರಿಯಾಗಿ ಹಡಗು ಸೇರ್ಬೇಕು," ಎಂದರು. ಸಭೆ ನಕ್ಕಿತು. ಕಾರ್ಯದರ್ಶಿ ನಗಲಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆವದಲ್ಲಿ ಹತ್ತು ನಿಮಿಷ ಮುಖ ಮುಚ್ಚಿಕೊಂಡೇ ಕೂತೆ.

ಇನ್ನು ನಮ್ಮನ್ನು ಯಾರೂ ಕರೆಯುವುದಿಲ್ಲ ಎಂದುಕೊಂಡಿದ್ದೆ. ಆದದ್ದು ತದ್ವಿರುದ್ಧ. ಮುಂದಿನ ವಾರದಿಂದ ಫೋನು ಶುರುವಾಯಿತು. "ಆಂಟಿ, ನಾವು ಯಾವುದು?" "ಆಂಟಿ, ನಮ್ಮ ಸೊಸೆ ಒಂಥರಾ ಇದಾಳೆ, ಸ್ವಲ್ಪ ನೋಡಿ ಹೇಳ್ತೀರಾ?" ಜಾತಕ ತೋರಿಸುವ ಹಾಗೆ ಜನ ಸಾಲುಗಟ್ಟಿದರು. ಒಂದು ಶನಿವಾರ ಅತ್ತಿಗೆ ನಮ್ಮ ಮನೆಗೆ ಬಂದಿದ್ದಾಗ ಸಾಕ್ಷಾತ್ ಕಾರ್ಯದರ್ಶಿಯೇ ಬಂದರು. ಜಗಳಕ್ಕೆ ಬಂದರೇನೋ ಎಂದು ನಾನು ಬೇಗ ಬೇಗ ಕಾಫಿ ತಂದೆ.

"ನಾನು ಡಚ್ ಅಂದ್ರಲ್ಲ ಆಂಟಿ," ಎಂದರು ಅವರು ತಗ್ಗಿದ ಸ್ವರದಲ್ಲಿ, "ನನ್ನ ವೈಫ್ ಯಾವುದಿರಬಹುದು?"

"ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಹನ್ನೊಂದು."

"ಸಿಂಗಪುರದಲ್ಲಿ ಬೀಚ್ ಬಿಟ್ಟು ಇನ್ನೇನಾದ್ರೂ ನೋಡಿದಾಳಾ?"

ಅವರು ಯೋಚಿಸಿದರು. "ಇಲ್ಲ. ಪ್ರತಿ ಸಂಡೇ ಬೀಚೇ ಬೇಕು ಅವಳಿಗೆ."

"ಪೋರ್ಚುಗೀಸ್. ಬ್ರೆಜಿಲ್‌ಗೆ ಬಂದು ಎಷ್ಟೋ ಕಾಲ ಸಮುದ್ರದ ದಡ ಬಿಟ್ಟು ಒಳಗೇ ಹೋಗ್ಲಿಲ್ಲ ಅವರು."

"ಡಚ್‌ಗೂ ಪೋರ್ಚುಗೀಸ್‌ಗೂ ಹೊಂದತ್ತಾ ಆಂಟಿ?"

"ಬ್ರೆಜಿಲ್‌ಗೋಸ್ಕರ ಇಬ್ರೂ ವರ್ಷಗಟ್ಟಲೆ ಕಿತ್ತಾಡಿದ್ರು."

"ಕೊನೆಗೆ ಯಾರು ಗೆದ್ರು?"

"ಪೋರ್ಚುಗೀಸರು."

ಕಾರ್ಯದರ್ಶಿ ಕಾಫಿ ಲೋಟ ಕೆಳಗಿಟ್ಟು ದೀರ್ಘವಾಗಿ ಉಸಿರು ಬಿಟ್ಟರು. "ಇದ್ರಲ್ಲಿ ಸೈನ್ಸ್ ಇದೆ ಆಂಟಿ," ಎಂದರು.

ಅವರು ಹೋದ ಮೇಲೆ ನಾನು ನಗು ತಡೆಯಲಾರದೆ ಕೇಳಿದೆ. "ಅಲ್ಲ ಅತ್ತಿಗೆ, ಈ ಐದು ಜನದಲ್ಲಿ ಒಳ್ಳೇವ್ರು ಯಾರು?"

ಅತ್ತಿಗೆಯ ಮುಖದ ಮೇಲಿನ ನಗು ಹೊರಟುಹೋಯಿತು. "ಒಬ್ರೂ ಇಲ್ಲ. ಅಲ್ಲಿ ಮೊದ್ಲೇ ಜನ ಇದ್ರಲ್ಲ, ಅವರ ಜಾಗ ಅದು. ಗೇಯೋಕೆ ಆಫ್ರಿಕಾದಿಂದ ಹಿಡ್ಕೊಂಡು ಬಂದ್ರಲ್ಲ, ಅವರ ಬೆವರು. ನಾನು ಕಂಪೇರ್ ಮಾಡೋದು ಒಳ್ಳೇವ್ರನ್ನ ಹುಡುಕೋಕಲ್ಲ ಕಣೇ."

"ಮತ್ಯಾಕೆ?"

"ಒಂದೇ ಕೆಲಸಾನ ಎಷ್ಟು ಬೇರೆ ಬೇರೆ ಥರ ನೆಪ ಹೇಳ್ಕೊಂಡು ಮಾಡಬಹುದು ಅಂತ ನೋಡೋಕೆ."

ನಾನು ಹೂಂ ಎಂದು ತಲೆಯಾಡಿಸಿ, ದೋಸೆ ಹಾಕಲೇ ಎಂದು ಕೇಳಿದೆ. ಕೇಳಿದ ಮಾತು ನನಗೆ ಸಂಬಂಧಪಟ್ಟದ್ದು ಎಂದು ಆಗ ಯಾಕೆ ಅನ್ನಿಸಬೇಕು?

ಈಗ ನಮ್ಮ ಫ್ಲ್ಯಾಟಿನ ಹೊರಗಿನ ಕಾರಿಡಾರಿನ ವಿಷಯ ಹೇಳಬೇಕು. ಉದ್ದನೆಯ ಕಾರಿಡಾರು, ಅದರ ಕೊನೆಯ ಮನೆ ಒಬ್ಬ ಮಲಾಯ್ ಅಜ್ಜಿಯದು, ಅದಕ್ಕೆ ಅಂಟಿಕೊಂಡದ್ದು ನಮ್ಮದು. ಅಜ್ಜಿ ಎಂದು ನಾನು ಬರೆಯುತ್ತಿದ್ದೇನೆ ಅಷ್ಟೆ. ಇಲ್ಲಿ ಎಲ್ಲರೂ ಕರೆಯುವುದು ಮಕ್ಚಿಕ್ ಎಂದು, ಅಂದರೆ ಮಲಾಯ್ ಭಾಷೆಯ ಆಂಟಿ. ನಾವು ಬರುವುದಕ್ಕೆ ಎಷ್ಟೋ ಮೊದಲಿಂದ ಅವರು ಅಲ್ಲಿದ್ದರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರ ಬಾಗಿಲಿಂದ ನಮ್ಮ ಕಿಟಕಿ ದಾಟಿ ಗೋಡೆಯುದ್ದಕ್ಕೂ ಅವರ ಕುಂಡಗಳು. ನಿಂಬೆಹುಲ್ಲು, ಅರಿಸಿನ, ಮೆಣಸಿನ ಗಿಡ, ಅನ್ನಕ್ಕೆ ಹಾಕುವ ಘಮಘಮ ಪಾಂಡನ್ ಎಲೆ, ಹೀಗೆ ಹನ್ನೆರಡಕ್ಕೆ ಕಮ್ಮಿಯಿರಲಿಲ್ಲ. ಬೆಳಿಗ್ಗೆ ನೀರು ಹಾಕುವಾಗ ನನ್ನ ಕಡೆ ನೋಡಿ ನಗುತ್ತಿದ್ದರು. ನಾನೂ ನಕ್ಕು ಎಂಆರ್‌ಟಿ ರೈಲಿಗೆ ಓಡುತ್ತಿದ್ದೆ. ಹದಿಮೂರು ವರ್ಷದ ನೆರೆಹೊರೆ ಎಂದರೆ ಇಷ್ಟೇ.

ಕಳೆದ ವರ್ಷ ಒಂದು ಶನಿವಾರ ಅತ್ತಿಗೆ ನೆಗಡಿ ಹಚ್ಚಿಕೊಂಡು ಬಂದರು. "ಕಷಾಯಕ್ಕೆ ಎರಡೆಳೆ ನಿಂಬೆಹುಲ್ಲು ಬೇಕಿತ್ತು ಕಣೇ. ಹೊರಗಡೆ ಕುಂಡದಲ್ಲಿತ್ತಲ್ಲ, ಆ ಮಕ್ಚಿಕ್‌ನ ಕೇಳು."

"ಅದೀಗ ಇಲ್ಲ ಅತ್ತಿಗೆ."

"ಅರಿಸಿನ?"

"ಅದೂ ಇಲ್ಲ ಅನ್ಸತ್ತೆ."

ಅತ್ತಿಗೆ ಮೂಗು ಒರೆಸಿಕೊಳ್ಳುತ್ತ ಎದ್ದು ಹೊರಗೆ ಹೋದರು. ನಾನೂ ಹಿಂದೆ ಹೋದೆ. ಗೋಡೆಯುದ್ದಕ್ಕೂ ನಮ್ಮ ಶೂ ರ್ಯಾಕ್, ಅದರ ಪಕ್ಕ ನಮ್ಮ ಬಟ್ಟೆ ಒಣಗಿಸುವ ಸ್ಟ್ಯಾಂಡು, ನಮ್ಮ ತುಳಸಿ, ನನ್ನ ಗಂಡ ವರ್ಷಕ್ಕೆರಡು ಸಲ ಓಡಿಸುವ ಸೈಕಲ್ಲು. ಆ ಕೊನೆಯಲ್ಲಿ, ಮಕ್ಚಿಕ್ ಬಾಗಿಲಿಗೆ ಒತ್ತಿಕೊಂಡು ಎರಡು ಕುಂಡ.

"ಉಳಿದಿದ್ದು ಎಲ್ಲಿ ಹೋಯ್ತು?"

"ನಾವು ರ್ಯಾಕ್ ಇಟ್ಟಾಗ ಒಂದೆರಡು ಒಳಗೆ ತಗೊಂಡ್ರು. ಸ್ಟ್ಯಾಂಡ್ ಇಟ್ಟಾಗ ಇನ್ನೊಂದೆರಡು. ಹಂಗೇ ಆಗಿದ್ದು. ನಾವೇನೂ ಕೇಳ್ಲಿಲ್ಲ ಅತ್ತಿಗೆ, ಅವರೇ ಬಿಟ್ಟುಕೊಟ್ರು. ಪಾಪ, ತುಂಬಾ ಒಳ್ಳೇವ್ರು."

"ಏನಂದೆ?"

"ಅವರೇ ಬಿಟ್ಟುಕೊಟ್ರು ಅಂದೆ."

ಅತ್ತಿಗೆ ನನ್ನನ್ನೇ ನೋಡಿದರು. "ಈ ಸೆಂಟೆನ್ಸ್ ನನ್ನ ಹತ್ರ ಐದು ಭಾಷೇಲಿದೆ ಕಣೇ," ಎಂದರು.

ಎಂದಿನ ತಮಾಷೆಯೆಂದು ನಾನು ನಕ್ಕೆ. ಅವರು ನಗಲಿಲ್ಲ. ನನಗೆ ಸಿಟ್ಟು ಬಂತು. ಒಂದು ಚಪ್ಪಲಿ ಸ್ಟ್ಯಾಂಡಿಗೆ ಇಷ್ಟು ದೊಡ್ಡ ಮಾತಾ? ಹಾಗೆಂದು ಕೇಳಿಯೂ ಬಿಟ್ಟೆ.

"ಅವರ ಹೆಸರೇನು?" ಎಂದು ಅವರು ಕೇಳಿದರು.

ಬಾಯಿ ತೆರೆದೆ. ಹೆಸರು ಬರಲಿಲ್ಲ. ಬರಲು ಗೊತ್ತಿದ್ದರಲ್ಲವೇ? ಅವಮಾನವಾದರೆ ನನಗೆ ನಾಲಿಗೆ ಚುರುಕಾಗುತ್ತದೆ. "ನಿಮಗೆ ಗೊತ್ತಾ ಅತ್ತಿಗೆ? ನೀವೂ ಪ್ರತಿ ಶನಿವಾರ ಇಲ್ಲೇ ಓಡಾಡ್ತೀರಲ್ಲ."

"ಇಲ್ಲ," ಎಂದರು ಅವರು. "ನಂಗೂ ಗೊತ್ತಿಲ್ಲ. ಹಳೇ ಡಚ್ ಕೈಬರಹ ಓದ್ತೀನಿ. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು, ಮಲಾಯ್‌ನಲ್ಲಿ ಥ್ಯಾಂಕ್ಸ್ ಬಿಟ್ರೆ ಒಂದು ಪದ ಬರಲ್ಲ." ಎಂದವರೇ ನೇರವಾಗಿ ಹೋಗಿ ಮಕ್ಚಿಕ್ ಮನೆಯ ಬೆಲ್ ಒತ್ತಿದರು. ನಾನು ಓಡಿಹೋಗಿ ನಮ್ಮ ಬಾಗಿಲು ಹಾಕಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಅತ್ತಿಗೆ ಕ್ಷಮೆ ಕೇಳಿದ ರೀತಿಯನ್ನು ನೀವು ನೋಡಬೇಕಿತ್ತು. ಯುದ್ಧ ಸೋತ ದೇಶದ ಪ್ರತಿನಿಧಿ ಒಪ್ಪಂದ ಓದಿದ ಹಾಗೆ, ನೆಟ್ಟಗೆ ನಿಂತು, ತಿದ್ದಿ ತೀಡಿದ ಇಂಗ್ಲಿಷಿನಲ್ಲಿ, ನಮ್ಮ ಕುಟುಂಬದ ಪರವಾಗಿ ಎಂದು ಶುರುಮಾಡಿದರು. ಮಧ್ಯೆ ಎರಡು ಸಲ ಸೀನಿದರು. ಮಕ್ಚಿಕ್ ಪೂರ್ತಿ ಕೇಳಿಸಿಕೊಂಡು, "ನೆಗಡಿಯಾ? ಬನ್ನಿ, ಟೀ ಕುಡೀರಿ," ಎಂದು ಒಳಗೆ ಕರೆದರು. ಅವರದು ಮಲಾಯ್ ಬೆರೆತ ಇಂಗ್ಲಿಷು. ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಒಳಗೆ ಅಡುಗೆಮನೆಯ ಕಿಟಕಿಯ ಕಟ್ಟೆಯಲ್ಲಿ, ಸಿಂಕಿನ ಪಕ್ಕದಲ್ಲಿ, ಫ್ರಿಜ್ಜಿನ ಮೇಲೆ ಒತ್ತೊತ್ತಾಗಿ ಕುಂಡಗಳಿದ್ದವು. ಅತ್ತಿಗೆ ಚೀಲದಿಂದ ನೋಟ್‌ಬುಕ್ ತೆಗೆದರು. ಈ ಬ್ಲಾಕ್ ಕಟ್ಟುವ ಮೊದಲು ಇಲ್ಲಿ ಏನಿತ್ತು, ನೀವು ಎಲ್ಲಿದ್ದಿರಿ ಎಂದು ಕೇಳಿದರು. ಇಲ್ಲೇ ಹತ್ತಿರದ ಹಳ್ಳಿಯಲ್ಲಿ, ಮರದ ಮನೆಯಲ್ಲಿ ಎಂದರು ಮಕ್ಚಿಕ್. ಹಳ್ಳಿ ಖಾಲಿ ಮಾಡಿಸಿದಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲವಂತೆ. ಅತ್ತಿಗೆಯ ಪೆನ್ನು ಭರಭರ ಓಡಿತು. ದನಿ ಮೆದುವಾಯಿತು.

"ತುಂಬಾ ದುಃಖ ಆಗಿರಬೇಕು ನಿಮಗೆ."

"ಯಾಕೆ ದುಃಖ? ಮನೆಯೊಳಗೇ ನೀರು ಬಂತಲ್ಲ. ನಲ್ಲಿ ತಿರುಗಿಸಿದರೆ ಸಾಕು. ನೀನು ಬಾವಿಯಿಂದ ನೀರು ಹೊತ್ತಿದೀಯಾ?"

"ಇಲ್ಲ."

"ಹಾಗಾದರೆ ದುಃಖ ಅಂತ ಬರೆಯಬೇಡ."

ಅತ್ತಿಗೆ ಬರೆದದ್ದನ್ನು ಹೊಡೆದುಹಾಕಿದರು. ಅವರು ಒಬ್ಬರ ಮಾತು ಕೇಳಿ ತಮ್ಮ ವಾಕ್ಯ ಹೊಡೆದುಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಕ್ಚಿಕ್ ಸ್ವಲ್ಪ ಯೋಚಿಸಿ, "ಒಂದು ರಂಬುಟಾನ್ ಮರ ಇತ್ತು. ಅದು ಮಾತ್ರ ನೆನಪಾಗುತ್ತದೆ. ಅದನ್ನು ಬರೆದುಕೋ," ಎಂದರು.

ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ, ಕುಂಡಗಳನ್ನು ಯಾಕೆ ಒಳಗೆ ತೆಗೆದುಕೊಂಡಿರಿ, ಒಂದು ಮಾತು ಹೇಳಬಹುದಿತ್ತಲ್ಲ ಎಂದು.

"ನಿಮ್ಮ ಮನೆ ಮುಂದೆ ಎಷ್ಟು ಚಪ್ಪಲಿ," ಎಂದರು ಅವರು. "ಶನಿವಾರ ಭಾನುವಾರ ಬಂತೆಂದರೆ ಇನ್ನೂ ಜಾಸ್ತಿ. ಜನ ಬರುವ ಮನೆಗೆ ಜಾಗ ಬೇಕು. ನನ್ನ ಮನೆಗೆ ಯಾರು ಬರುತ್ತಾರೆ? ಗಿಡ ಒಳಗಿದ್ದರೇನಂತೆ."

ಅವರು ದೂರುತ್ತಿರಲಿಲ್ಲ. ಟೀಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ ಹೇಳಿದರು. ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿ ನೋಟ್‌ಬುಕ್ ಚೀಲದೊಳಗಿಟ್ಟರು.

ಅವತ್ತೇ ರ್ಯಾಕು, ಸ್ಟ್ಯಾಂಡು ಒಳಗೆ ಬಂದವು. ಸೈಕಲ್ಲು ಹಾಲ್‌ನಲ್ಲಿ ನಿಂತಿತು. ಅದನ್ನು ಗೋಡೆಗೆ ನೇತುಹಾಕಲು ನನ್ನ ಗಂಡ ತಾವಾಗಿಯೇ ಹೋಗಿ ಕೊಕ್ಕೆ ತಂದು ಹೊಡೆದರು. ಫ್ರೆಂಚರ ಇತಿಹಾಸದಲ್ಲಿ ಅದೊಂದು ತಿರುವು. ಮಾರನೆಯ ದಿನ ನಾವು ಮೂವರೂ ಸೇರಿ ಮಕ್ಚಿಕ್‌ನ ಕುಂಡಗಳನ್ನು ಹೊರಗೆ ತಂದಿಟ್ಟೆವು. ಬೇಡ ಬೇಡ ಎಂದು ಅವರು ಅರ್ಧ ಗಂಟೆ ತಡೆದರು, ಆಮೇಲೆ ಯಾವುದು ಎಲ್ಲಿರಬೇಕೆಂದು ಕುರ್ಚಿ ಹಾಕಿಕೊಂಡು ಕೂತು ಹೇಳತೊಡಗಿದರು. ಅವರ ಹೆಸರನ್ನೂ ಕೇಳಿ ತಿಳಿದುಕೊಂಡೆವು. ಇಲ್ಲಿ ಬರೆಯುತ್ತಿಲ್ಲ, ಅವರಿಗದು ಇಷ್ಟವಾಗುವುದಿಲ್ಲ.

ಅತ್ತಿಗೆ ಅಲ್ಲಿಗೇ ನಿಲ್ಲುವವರೇ? ಮಕ್ಚಿಕ್ ಹತ್ತಿರ ಮಲಾಯ್ ಕಲಿಯುತ್ತೇನೆಂದು ಹಟ ಹಿಡಿದರು. ಪ್ರತಿ ಶನಿವಾರ ಬ್ಯೂನಾ ವಿಸ್ಟಾದಲ್ಲಿ ರೈಲು ಹತ್ತಿ, ಜುರಾಂಗ್ ಈಸ್ಟ್‌ನಲ್ಲಿ ಬದಲಾಯಿಸಿ, ಕಾಪಿ ಪುಸ್ತಕ ಹಿಡಿದು ಬರುತ್ತಿದ್ದರು. ನಮ್ಮ ಮನೆಗೆ ಬರುವ ಮೊದಲು ಆ ಮನೆಗೆ. ಮೊದಲ ಪಾಠದ ದಿನ ಅಲ್ಲಿಂದ ಕೂಗಿ ನನ್ನನ್ನು ಕರೆದರು. ಏನಾಯಿತೋ ಎಂದು ಸೌಟು ಹಿಡಿದೇ ಓಡಿದೆ.

"ಕೇಳಿಲ್ಲಿ. ಇದಕ್ಕೆ ಇವರೇನಂತಾರೆ ಗೊತ್ತಾ? ಮೇಜ. ನಾವೇನಂತೀವಿ? ಮೇಜು. ಅದಕ್ಕೆ? ಅಲ್ಮಾರಿ. ನಮ್ಮಜ್ಜಿ ಅಲಮಾರು ಅಂತಿದ್ಲು. ಎಲ್ಲಾ ಪೋರ್ಚುಗೀಸು ಕಣೇ. ಹೋಗ್ತಾ ಹೋಗ್ತಾ ನಮ್ಮಿಬ್ಬರ ಮನೇಲೂ ಒಂದೊಂದು ಮೇಜು ಬಿಟ್ಟು ಹೋಗಿದಾರೆ."

ಆ ಹುರುಪಿನಲ್ಲಿ ಐದು ವಸಾಹತಿನ ಶಾಸ್ತ್ರವನ್ನೆಲ್ಲ ಮಕ್ಚಿಕ್‌ಗೆ ಹೇಳಿದರು. ನಾನು ಸ್ಪೇನು, ನನ್ನ ಗಂಡ ಫ್ರೆಂಚು, ಕಾರ್ಯದರ್ಶಿ ಡಚ್ಚು. ಮಕ್ಚಿಕ್ ಕೈಯಲ್ಲಿದ್ದ ಎಲೆ ಬಿಡಿಸುತ್ತ ಪೂರ್ತಿ ಕೇಳಿ, "ನೀನು ಯಾವುದು?" ಎಂದರು.

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಕೇಳಲು ತೋಚಿರಲಿಲ್ಲ. ಅತ್ತಿಗೆ ತಡವರಿಸಿದರು. "ನಾನು ಯಾವುದೂ ಅಲ್ಲ. ನಾನು ದೂರದಿಂದ ನೋಡಿ ಬರೆಯೋಳು."

"ಹಾಗಾದರೆ ನೀನಿನ್ನೂ ಹಡಗಿಂದ ಇಳಿದೇ ಇಲ್ಲ," ಎಂದರು ಮಕ್ಚಿಕ್. "ಇಳಿ. ಈ ಎಲೆ ತೊಳೆದುಕೊಂಡು ಬಾ."

ಅತ್ತಿಗೆ ಎದ್ದುಹೋಗಿ ಎಲೆ ತೊಳೆದರು. ನಮ್ಮ ಮನೆಯಲ್ಲಿ ಅವರು ತಮ್ಮ ಕಾಫಿ ಲೋಟವನ್ನೂ ತೊಳೆದವರಲ್ಲ.

ಹೀಗೇ ಎಂಟು ತಿಂಗಳು ನಡೆಯಿತು. ಅತ್ತಿಗೆ ದಡ್ಡ ವಿದ್ಯಾರ್ಥಿನಿ. ಬಾಯಿ ತೆರೆದರೆ ಬರೀ ಅಲಮಾರು ಮೇಜು. ನೀನು ನಿಜವಾಗಿಯೂ ಟೀಚರ್ ಆಗಿದ್ದೆಯಾ ಎಂದು ಮಕ್ಚಿಕ್ ಬಯ್ಯುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಒಂದು ಬೀಗದ ಕೈಯನ್ನು ಅವರು ಅತ್ತಿಗೆಗೇ ಕೊಟ್ಟಿದ್ದರು. ಬೆಲ್ ಹೊಡೆದಾಗಲೆಲ್ಲ ಎದ್ದು ಬರಲು ಮಂಡಿ ನೋವು ಎನ್ನುವುದು ಅವರ ನೆಪ.

ಆಮೇಲೆ ಒಂದು ಶನಿವಾರ ಮಧ್ಯಾಹ್ನ ಅತ್ತಿಗೆ ಆ ಬಾಗಿಲು ತೆಗೆದು, ನನ್ನ ಹೆಸರು ಹಿಡಿದು ಕಿರುಚಿದರು. ಮಕ್ಚಿಕ್ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬಿದ್ದು ಬಹಳ ಹೊತ್ತಾಗಿರಲಿಲ್ಲ, ಎಚ್ಚರವಿತ್ತು. ಆದರೆ ಒಂದು ಕಾಲು ಅಲುಗಾಡಿಸಲು ಆಗುತ್ತಿರಲಿಲ್ಲ. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಜೊತೆಗೆ ಒಬ್ಬರು ಮಾತ್ರ ಬರಬಹುದು ಎಂದರು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅತ್ತಿಗೆ ಹತ್ತಿ ಕೂತಾಗಿತ್ತು, ಬರಿಗಾಲಲ್ಲಿ. ನಾನೂ ನನ್ನ ಗಂಡನೂ ಅವರ ಚಪ್ಪಲಿ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಹೋದೆವು.

ನಾವು ಆಸ್ಪತ್ರೆ ಸೇರಿದಾಗ ಅತ್ತಿಗೆ ಕೌಂಟರಿನ ಮುಂದೆ ನಿಂತಿದ್ದರು. ನರ್ಸು, ಚಿಕ್ಕ ವಯಸ್ಸಿನ ಮಲಾಯ್ ಹುಡುಗಿ, ಕಂಪ್ಯೂಟರ್ ನೋಡುತ್ತಲೇ ಕೇಳಿದಳು, ಪೇಷಂಟಿಗೆ ನೀವು ಏನಾಗಬೇಕು ಎಂದು.

ಎರಡು ಕಡೆ ಆಧಾರ ಸಿಗದೆ ಒಂದು ಸಾಲು ಬರೆಯದವರು ನಮ್ಮ ಅತ್ತಿಗೆ. ಪುಸ್ತಕ ಏಳರಿಂದ ಐದಕ್ಕೆ ಇಳಿದದ್ದೇ ಆ ಕಾರಣಕ್ಕೆ.

"ಆದಿಕ್," ಎಂದರು.

ಮಲಾಯ್‌ನಲ್ಲಿ ಆದಿಕ್ ಎಂದರೆ ತಂಗಿ. ಹುಡುಗಿ ತಲೆಯೆತ್ತಿದಳು. ಪರದೆಯ ಮೇಲಿನ ಹೆಸರು ನೋಡಿದಳು, ಅತ್ತಿಗೆಯ ಹಣೆಯ ಕುಂಕುಮ ನೋಡಿದಳು, ಬರಿಗಾಲು ನೋಡಿದಳು. ಹಾಗೇ ಟೈಪ್ ಮಾಡಿಕೊಂಡಳು.

ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಎಲ್ಲ ಸುಸೂತ್ರವಾಗಿ ನಡೆಯಿತು. ಅತ್ತಿಗೆ ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಆದರೆ ಒಂದು ಕೊರಗು ಅವರನ್ನು ಬಿಡಲಿಲ್ಲ. "ಸುಳ್ಳು ಹೇಳ್ಬಿಟ್ಟೆ ಕಣೇ. ರೆಕಾರ್ಡ್‌ನಲ್ಲಿ ಹೋಯ್ತು. ನಾಳೆ ಯಾರಾದ್ರೂ ಅದನ್ನ ಓದಿ ನಿಜ ಅಂದ್ಕೊಂಡ್ರೆ?" ಯಾರು ಓದುತ್ತಾರೆ ಅತ್ತಿಗೆ ಎಂದರೆ, "ನನ್ನಂಥೋಳು ಯಾರಾದ್ರೂ ಓದ್ತಾಳೆ," ಎನ್ನುತ್ತಿದ್ದರು.

ಮನೆಗೆ ಕಳಿಸುವ ದಿನ ನಾನೂ ಜೊತೆಗಿದ್ದೆ. ಮಕ್ಚಿಕ್ ವೀಲ್‌ಚೇರಿನಲ್ಲಿ ಕೂತಿದ್ದರು. ಬೇರೊಬ್ಬ ನರ್ಸು, ಸ್ವಲ್ಪ ವಯಸ್ಸಾದವರು, ಕಾಗದ ತಿರುವಿಹಾಕುತ್ತ ಒಂದು ಕಡೆ ನಿಂತರು. ಅತ್ತಿಗೆಯನ್ನು ನೋಡಿ, ಮಕ್ಚಿಕ್ ಕಡೆ ಬಾಗಿ, "ಇಲ್ಲಿ ತಂಗಿ ಅಂತ ಬರೆದಿದೆ. ಇವರು ನಿಮ್ಮ ತಂಗಿಯಾ?" ಎಂದು ಕೇಳಿದರು.

ಅತ್ತಿಗೆ ತಟ್ಟನೆ ಎದ್ದು ನಿಂತರು. ತಪ್ಪೊಪ್ಪಿಗೆಗೆ ಎಷ್ಟು ದಿನದಿಂದ ತಯಾರಾಗಿದ್ದರೋ ಏನೋ. "ಆಕ್ಚುವಲಿ, ಅದು ಏನಾಯಿತೆಂದರೆ," ಎಂದು ಆ ತಿದ್ದಿ ತೀಡಿದ ಇಂಗ್ಲಿಷಿನಲ್ಲಿ ಶುರುಮಾಡಿದರು.

ಮಕ್ಚಿಕ್ ಅವರ ಕಡೆ ನೋಡದೆಯೇ ಸುಮ್ಮನಿರು ಎಂದು ಕೈ ಎತ್ತಿದರು.

"ಹೌದು, ನನ್ನ ತಂಗಿ," ಎಂದರು ನರ್ಸಿಗೆ. "ಎಲ್ಲರಿಗಿಂತ ಚಿಕ್ಕವಳು. ಮಾತು ಜಾಸ್ತಿ."

ನರ್ಸು ನಕ್ಕು ಸಹಿ ಹಾಕಿಸಿಕೊಂಡು ಹೋದರು. ನಾನು ಅತ್ತಿಗೆಯ ಕಡೆ ನೋಡಿದೆ. ಅವರು ನಾಲ್ವರು ತಮ್ಮಂದಿರಿಗೆ ಅಕ್ಕ. ಮೂವತ್ತು ವರ್ಷ ಪಾಠ ಹೇಳಿದವರು. ಊರಿನ ಜನಕ್ಕೆಲ್ಲ ಆಂಟಿ. ಯಾರಿಗೂ ಯಾವತ್ತೂ ಚಿಕ್ಕವರಾಗಿ ಇದ್ದವರಲ್ಲ. ಅವರು ವೀಲ್‌ಚೇರಿನ ಹಿಂದೆ ಹೋಗಿ ನಿಂತು, ಎರಡೂ ಹಿಡಿಗಳ ಮೇಲೆ ಕೈಯಿಟ್ಟು ತಳ್ಳಿದರು. ಅದು ಅಲುಗಲಿಲ್ಲ. ಬ್ರೇಕ್ ಹಾಕಿತ್ತು. ಅದು ಎಲ್ಲಿದೆಯೆಂದು ಬಗ್ಗಿ ನೋಡಲು ಅವರಿಗೆ ಆಗುತ್ತಿರಲಿಲ್ಲ, ಕನ್ನಡಕ ಪೂರ್ತಿ ಮಂಜಾಗಿತ್ತು.